ಮೊದಲ ಬೈಗುಳ ಕಾರ್ಬೊರೇಟರಿಗೇ

ಮಳೆಗಾಲ ಮುಗಿದು ಅಂಗಳದ ಪಾಚಿ ಒಣಗುವ ಹೊತ್ತಿಗೆ ನಮ್ಮ ಮಂಚಿಕೇರಿ ಕಡೆ ಒಂದು ಶಬ್ದ ಶುರುವಾಗುತ್ತದೆ. ಮೃಗಶಿರಾ ಮಳೆಯಿಂದ ಹಸ್ತಾ ಮಳೆಯ ತನಕ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ತಾಡಪತ್ರೆ ಹೊದ್ದು ನಿಂತಿದ್ದ ಹಳೆ ಗಾಡಿಯನ್ನು ಎಬ್ಬಿಸುವ ಶಬ್ದ. ಸೆಲ್ಫ್ ಹೊಡೆಯುತ್ತಾರೆ, ಕುಂಯ್ ಕುಂಯ್ ಅನ್ನುತ್ತದೆ. ಹತ್ತಿಕೊಂಡ ಹಾಗೆ ಮಾಡಿ ಬುಸ್ಸೆಂದು ನಿಲ್ಲುತ್ತದೆ. ಎರಡು ಸಲ ಹಾಗಾಯಿತೋ, ಬೇಲಿಯಾಚೆಯಿಂದ ತೀರ್ಪು ಬಂದೇ ಬರುತ್ತದೆ: "ಭಾವ, ಕಾರ್ಬೊರೇಟರ್ ಹೋತು ಕಾಣ್ತು!" ಪ್ಲಗ್ ಬಿಚ್ಚಿ ನೋಡಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿಲ್ಲ, ಬ್ಯಾಟರಿ ಟರ್ಮಿನಲ್ಲಿಗೆ ಹತ್ತಿದ ಹಸಿರು ಪುಡಿ ಒರೆಸಿಲ್ಲ. ಆದರೂ ಮೊದಲ ಬೈಗುಳ ಕಾರ್ಬೊರೇಟರಿಗೇ. ಪಾಪ ಅನ್ನಿಸುತ್ತದೆ, ಅಲ್ವಾ?

ನಮ್ಮ ಕಡೆ ಇಂಥ ಗಾಡಿಗಳಿಗೇನು ಬರ? ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಅಂಬಾಸಿಡರ್ ಇನ್ನೂ ಉಂಟು, ನಾವೆಲ್ಲ ಬರೀ 'ಫಿಯೆಟ್' ಅಂತ ಕರೆಯುವ ಪ್ರೀಮಿಯರ್ ಪದ್ಮಿನಿ ಉಂಟು, ಮಹೀಂದ್ರ ಜೀಪಂತೂ ಸರಿಯೇ ಸರಿ. ಕಲ್ಕತ್ತೆ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡುತ್ತಿದ್ದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಪದ್ಮಿನಿಯ ಕಥೆ ಅದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮವನ್ನೂ ಮಾಡಿತು. ನಮ್ಮ ಊರಿನವರಿಗೆ ಮಾತ್ರ ಇವು ಮನೆಯ ಗಾಡಿಗಳು. ಅಜ್ಜ ತಂದದ್ದು, ಅಪ್ಪ ಓಡಿಸಿದ್ದು, ಅಡಕೆ ಚೀಲ ಹೇರಿಕೊಂಡು ಶಿರಸಿಯ ಟಿಎಸ್ಎಸ್ ವಖಾರಿಗೆ ಹೋಗಿ ಬಂದದ್ದು, ಮದುವೆಯಲ್ಲಿ ದಿಬ್ಬಣ ಹೊತ್ತದ್ದು. ಮಾರಲು ಮನಸ್ಸೇ ಬರುವುದಿಲ್ಲ. ಬರಬಾರದು ಕೂಡ.

ಜೀಪು ಅಂದೆನಲ್ಲ, ಅದರದ್ದೇ ಒಂದು ನೆನಪು. ಮಂಚಿಕೇರಿ ಹೇಳಿ ಕೇಳಿ ನಾಟಕದ ಊರು. ಎಂಬತ್ತರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಈ ಕಡೆಯ ಸಿದ್ದಿ ಜನರನ್ನೇ ಕೂಡಿಸಿ ನಾಟಕ ಮಾಡಿಸಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಆ ಕಾಲದಲ್ಲಿ ಯಕ್ಷಗಾನಕ್ಕಾಗಲಿ ನಾಟಕಕ್ಕಾಗಲಿ ಪಕ್ಕದ ಊರಿಗೆ ಹೋಗುವುದೆಂದರೆ ಜೀಪೇ ಗತಿ. ಒಳಗೆ ಎಷ್ಟು ಜನವೋ, ಹಿಂದೆ ನೇತಾಡುವವರೂ ಅಷ್ಟೇ ಜನ. ಬೆಳಗಿನ ಜಾವ ಆಟ ಮುಗಿಸಿ ಹೊರಟರೆ ಜೀಪು ಚಳಿಗೆ ಮರಗಟ್ಟಿರುತ್ತಿತ್ತು. ಡ್ರೈವರು ಚೋಕ್ ಎಳೆದು, ಮುಂದೆ ಬಂದು ಹ್ಯಾಂಡಲ್ ತಿರುಗಿಸುತ್ತಿದ್ದ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗೆ ಇಟ್ಟುಕೊಳ್ಳುತ್ತಿದ್ದ, ನೋಡಿ. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯಬಾರದಲ್ಲ, ಅದಕ್ಕೆ. ನಾವು ಮಕ್ಕಳೆಲ್ಲ ಆ ಒದೆತಕ್ಕಾಗಿಯೇ ಕಾಯುತ್ತ ನಿಂತಿರುತ್ತಿದ್ದೆವು. ಆಮೇಲೆ ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಡೀಸೆಲ್ಲಿಗೆ ಕಾರ್ಬೊರೇಟರ್ ಎಲ್ಲಿಂದ ಬಂತು? ಅಲ್ಲಿಗೆ ಆ ಚೋಕಿನ ಗುಂಡಿಯೂ ಹೋಯಿತು, ಬೆಳಗಿನ ಜಾವದ ಆ ಪೂಜೆಯೂ ಹೋಯಿತು.

ಹಾಂ, ಎಲ್ಲಿದ್ದೆ? ಬೈಗುಳದ ವಿಷಯ. ಹಳೇ ಮಿಸ್ತ್ರಿಗಳ ಹತ್ತಿರ ಕೇಳಿ ನೋಡಿ, "ಮೊದಲು ಕರೆಂಟು ನೋಡು, ಆಮೇಲೆ ಪೆಟ್ರೋಲು" ಅನ್ನುತ್ತಾರೆ. ಅದು ನೂರಕ್ಕೆ ನೂರು ಖರೆ. ಕಿಡಿ ತಪ್ಪಿದ್ದಕ್ಕೆ ಕಾರ್ಬೊರೇಟರನ್ನು ಬೈಯುವುದೆಂದರೆ ಭಾಗವತರ ತಾಳ ತಪ್ಪಿದ್ದಕ್ಕೆ ವೇಷದವನನ್ನು ಬೈದ ಹಾಗೆ. ನಮ್ಮ ಮಳೆಗಾಲದ ತೇವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಹೋಗಿ ಕೂತಿರುತ್ತದೆ. ಅದನ್ನು ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಒಲೆ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಅರ್ಧ ಗಾಡಿಗಳು ಅಲ್ಲಿಗೇ ಸರಿಹೋಗುತ್ತವೆ. ಪಾಯಿಂಟಿನ ಮೇಲೆ ಕಪ್ಪು ಕಟ್ಟಿರುತ್ತದೆ, ಅದನ್ನು ಉಜ್ಜಿ ಗ್ಯಾಪ್ ನೋಡಬೇಕು. ಪ್ಲಗ್ಗಿನ ವಯರು ಹಳತಾಗಿದೆಯೋ ಅಂತ ನೋಡಲು ಒಂದು ಚೆಂದದ ಉಪಾಯ ಉಂಟು. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಟಾರ್ಚ್ ಆರಿಸಿ, ಇಂಜಿನ್ ಓಡುತ್ತಿರುವಾಗ ದೂರ ನಿಂತು ನೋಡಬೇಕು. ವಯರು ಸೋರುತ್ತಿದ್ದರೆ ನೀಲಿ ಕಿಡಿ ಚಟಚಟ ಹಾರುವುದು ಕಣ್ಣಿಗೇ ಕಾಣುತ್ತದೆ. ನಮ್ಮ ಕಡೆ ಕರೆಂಟು ಹೋದ ರಾತ್ರಿಗಳಿಗೇನು ಕೊರತೆ, ಪರೀಕ್ಷೆಗೆ ಒಳ್ಳೇ ಅನುಕೂಲ.

ಪ್ಲಗ್ ಬಿಚ್ಚಿದಾಗ ಅದರ ಮೂತಿಯ ಬಣ್ಣ ನೋಡುವುದನ್ನು ಮರೆಯಬೇಡಿ. ಅಲ್ಲಿ ಎಲ್ಲ ಬರೆದಿರುತ್ತದೆ. ತಿಳಿ ಕಂದು ಬಣ್ಣ ಇದ್ದರೆ ಇಂಜಿನ್ ಸುಖವಾಗಿದೆ. ಒಣ ಮಸಿ ಹತ್ತಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಬೆಳ್ಳಗೆ ಸುಟ್ಟ ಹಾಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಎಣ್ಣೆಯ ಜಿಡ್ಡು ಇದ್ದರೆ ಅದು ಪಿಸ್ಟನ್ ರಿಂಗಿನದೋ ವಾಲ್ವಿನದೋ ಗೋಳು, ಅದಕ್ಕೆ ಕಾರ್ಬೊರೇಟರ್ ಏನು ಮಾಡೀತು ಹೇಳಿ?

ಇನ್ನು ಪೆಟ್ರೋಲು. ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಕೂತ ಪೆಟ್ರೋಲಿನ ವಾಸನೆಯೇ ಬೇರೆ. ಮೂಗಿಗೆ ಚುರುಕ್ಕೆನ್ನುವ ಬದಲು ಹಳೇ ಬಣ್ಣದ ಡಬ್ಬದ ವಾಸನೆ ಬರುತ್ತದೆ. ಹಗುರವಾದ ಅಂಶವೆಲ್ಲ ಹಾರಿ ಹೋಗಿ, ಉಳಿದದ್ದು ಕಾರ್ಬೊರೇಟರಿನ ಬಟ್ಟಲಿನಲ್ಲಿ ಗೋಂದಿನ ಹಾಗೆ ಅಂಟಿ, ಸಣ್ಣ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಈಗಂತೂ ಪೆಟ್ರೋಲಿನ ಜೊತೆ ಎಥೆನಾಲ್ ಇದೆ. ನೂರಕ್ಕೆ 10 ಪಾಲು ಬೆರೆಸುವ ಗುರಿ 2022ರಲ್ಲಿ ಮುಟ್ಟಿತು, 2025ಕ್ಕೆ 20 ಪಾಲಿಗೆ ಬಂತು. ಎಥೆನಾಲಿಗೆ ನೀರೆಂದರೆ ಪ್ರಾಣ. ಗಾಳಿಯಲ್ಲಿರುವ ತೇವವನ್ನೂ ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ಬಿಟ್ಟರೆ ಮತ್ತೇನಿದೆ, ಹಪ್ಪಳದ ಡಬ್ಬ ಅರ್ಧ ಗಂಟೆ ತೆರೆದಿಟ್ಟರೆ ಹಪ್ಪಳ ಮೆತ್ತಗೆ. ನೀರು ಮಿತಿ ಮೀರಿತೋ, ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತವೆ. ಪೈಪು ಮೊದಲು ಎಳೆಯುವುದು ತಳದ್ದನ್ನೇ. ಗಾಡಿ ಹೇಗೆ ಹತ್ತೀತು? ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಕೂಡ ಇದಕ್ಕೆ ಒಗ್ಗುವುದಿಲ್ಲ, ಉಬ್ಬಿ ಮೆತ್ತಗಾಗಿ ಪುಡಿಪುಡಿ ಬಿಡುತ್ತವೆ. ಆ ಕಪ್ಪು ಪುಡಿಯೂ ಬಂದು ಸೇರುವುದು ಕಾರ್ಬೊರೇಟರಿಗೇ.

ಇನ್ನೊಂದು ಸಂಗತಿ ಉಂಟು. ಬರೀ ಪೆಟ್ರೋಲಾದರೆ ಒಂದು ಪಾಲು ಉರಿಯಲು 14.7 ಪಾಲು ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಎಥೆನಾಲಿಗೆ 9 ಪಾಲು ಸಾಕು. ಹಳೇ ಕಾರ್ಬೊರೇಟರಿನ ಜೆಟ್ಟು ಬರೀ ಪೆಟ್ರೋಲಿನ ಲೆಕ್ಕಕ್ಕೆ ಕೊರೆದದ್ದು. ಅದಕ್ಕೆ ಬೆರಕೆ ಗೊತ್ತಾಗುವುದಿಲ್ಲ. ಹೊಸ ಕಾರುಗಳಲ್ಲಿ ಸೆನ್ಸಾರ್ ಇದೆ, ಕಂಪ್ಯೂಟರ್ ಇದೆ, ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ನಮ್ಮ ಗಾಡಿಯಲ್ಲಿ ಗಾಳಿ ಹೆಚ್ಚಾಗಿ ಇಂಜಿನ್ ಬಿಸಿಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ರೇಸ್ ಕೊಟ್ಟರೆ ಕೆಮ್ಮುತ್ತದೆ. ಆಗ ಪೆಟ್ರೋಲನ್ನು ಒಂದು ಚೂರು ಹೆಚ್ಚು ಮಾಡಿಕೊಳ್ಳಬೇಕು, ಅಷ್ಟೇ. ಅದಕ್ಕೆ ಇಡೀ ಕಾರ್ಬೊರೇಟರ್ ಬದಲಿಸಿ ಅನ್ನುವವರೂ ಇದ್ದಾರೆ, ಬೇಡವೇ ಬೇಡ.

ಈಗ ನನಗೆ ಬಹಳ ಇಷ್ಟವಾದ ಕಿತಾಪತಿಗೆ ಬರುತ್ತೇನೆ: ಕುಂಬಾರ ಹುಳ! ಬಾಗಿಲ ಸಂದಿ, ಕೊಡೆಯ ಹಿಡಿಕೆ, ಗೋಡೆಯ ಮೊಳೆ ತೂತು, ಎಲ್ಲಿ ಬೆರಳು ತೂರುವಷ್ಟು ಜಾಗವಿದೆಯೋ ಅಲ್ಲಿ ಮಣ್ಣು ತಂದು ಮೆತ್ತಿ ಮನೆ ಕಟ್ಟುವ ಹುಳ. ಗಾಡಿಯ ಟ್ಯಾಂಕಿನ ಉಸಿರುಕೊಳವೆ ಕಂಡರೆ ಬಿಟ್ಟೀತೇ? ಅದು ಮುಚ್ಚಿಹೋದರೆ ಆಗುವ ತಮಾಷೆಯೇ ಬೇರೆ. ಗಾಡಿ ಮನೆಯಂಗಳದಲ್ಲಿ ಚೊಕ್ಕವಾಗಿ ಹತ್ತುತ್ತದೆ. ಹೊರಟು ಸ್ವಲ್ಪ ದೂರ ಚೆಂದ ಓಡುತ್ತದೆ. ಪೆಟ್ರೋಲು ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರಬೇಕಲ್ಲ, ಬರಲು ದಾರಿಯಿಲ್ಲ. ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಯಲ್ಲಾಪುರದ ಕಡೆ ಹೋಗುವಾಗ ಬೇಡ್ತಿ ಹೊಳೆ ಇಳಿದು ಏರು ಹತ್ತುವ ಹೊತ್ತಿಗೆ ಗಕ್ಕನೆ ನಿಂತಿತೆನ್ನಿ. ಇಳಿದು, ಬಾನೆಟ್ ಎತ್ತಿ, ಎಲ್ಲರೂ ಸುತ್ತ ನಿಂತು ಒಂದೊಂದು ಔಷಧ ಹೇಳಿ, ಒಂದು ಕವಳ ಹಾಕಿ ಮುಗಿಸುವಷ್ಟರಲ್ಲಿ ಎಲ್ಲಿಂದಲೋ ಸಣ್ಣಗೆ ಗಾಳಿ ಸೇರಿ ಗಾಡಿ ತಾನಾಗಿಯೇ ಹತ್ತುತ್ತದೆ! ಮತ್ತೆ ಸ್ವಲ್ಪ ದೂರಕ್ಕೆ ಅದೇ ಕಥೆ. ಇಂಥ ಗಾಡಿಗೆ ದೆವ್ವ ಹಿಡಿದಿದೆ ಅಂತ ನಿಂಬೆಹಣ್ಣು ಕಟ್ಟಿದವರಿದ್ದಾರೆ. ಪರೀಕ್ಷೆ ಬಹಳ ಸುಲಭ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ. 'ಹಿಸ್' ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ. ಕೊಳವೆಯ ಮಣ್ಣು ತೆಗೆದರೆ ದೆವ್ವವೂ ಹೋಯಿತು, ಅಲ್ವಾ?

ಇಷ್ಟೆಲ್ಲ ನೋಡಿದ ಮೇಲೂ ಗಾಡಿ ಹಟ ಮಾಡಿದರೆ ಆಗ ಕಾರ್ಬೊರೇಟರಿಗೆ ಕೈ ಹಾಕಿ. ಹಳೇ ಅಂಬಾಸಿಡರಿನಲ್ಲಿರುವ ಎಸ್‌ಯು ಕಾರ್ಬೊರೇಟರ್ ಇದೆಯಲ್ಲ, ಅದರ ಹುಟ್ಟಿನ ಕಥೆ ಕೇಳಿದ್ದೀರಾ? ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಇಂಗ್ಲೆಂಡಿನ ಸ್ಕಿನ್ನರ್ ಎಂಬ ಅಣ್ಣತಮ್ಮಂದಿರು ಮಾಡಿದ್ದು. ಮನೆತನದ ಕಸುಬು ಚಪ್ಪಲಿ, ಬೂಟು! ಅದಕ್ಕೇ ಇರಬೇಕು, ಮೊದಮೊದಲ ಎಸ್‌ಯು ಕಾರ್ಬೊರೇಟರಿನಲ್ಲಿ ಈಗಿನ ಲೋಹದ ಪಿಸ್ಟನ್ನಿನ ಜಾಗದಲ್ಲಿ ಚರ್ಮದ ತಿದಿ ಇತ್ತು. 1910ರಲ್ಲಿ ಕಂಪನಿ ಕಟ್ಟಿದರು, 1926ರಲ್ಲಿ ಮಾರಿಸ್ ಕಾರಿನ ಧಣಿ ಅದನ್ನು ಕೊಂಡುಕೊಂಡ. ನಮ್ಮ ಅಂಬಾಸಿಡರ್ ಅದೇ ಮಾರಿಸ್ ಆಕ್ಸ್‌ಫರ್ಡಿನ ಮಗಳು. ಬೂಟಿನ ಅಂಗಡಿಯವರ ಬುದ್ಧಿವಂತಿಕೆ ಹೀಗೆ ಸುತ್ತಿ ಬಳಸಿ ನಮ್ಮ ಅಡಕೆ ತೋಟದ ಶೆಡ್ಡಿಗೆ ಬಂದು ನಿಂತಿದೆ. ಎಂಥ ಸೋಜಿಗ!

ಆ ಎಸ್‌ಯುವಿನ ನೆತ್ತಿಯ ಮೇಲೆ ಒಂದು ಸಣ್ಣ ತಿರುಪು ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಒಳಗೆ ಎಣ್ಣೆ ಇರಬೇಕು. ಎಷ್ಟೋ ಗಾಡಿಗಳಲ್ಲಿ ಅಲ್ಲಿ ಎಣ್ಣೆಯ ಸುಳಿವೇ ಇರುವುದಿಲ್ಲ. ಆ ಎಣ್ಣೆ ಇಲ್ಲದಿದ್ದರೆ ರೇಸ್ ಕೊಟ್ಟ ಕೂಡಲೇ ಪಿಸ್ಟನ್ ಗಬಕ್ಕನೆ ಮೇಲೆ ಹಾರಿ, ಗಾಳಿ ಮುಂದಾಗಿ ಪೆಟ್ರೋಲು ಹಿಂದಾಗಿ, ಗಾಡಿ ಒಂದು ಕ್ಷಣ ಮುಗ್ಗರಿಸುತ್ತದೆ. ಅದಕ್ಕೆ ಪಿಕಪ್ ಇಲ್ಲ ಅಂತ ಇಂಜಿನ್ನೇ ಬಿಚ್ಚಿಸಿದವರಿದ್ದಾರೆ! ನಾಲ್ಕು ಹನಿ ತೆಳು ಇಂಜಿನ್ ಆಯಿಲ್ ಹಾಕಿದರೆ ಆಗುತ್ತಿತ್ತು. ಕೊಬ್ಬರಿ ಎಣ್ಣೆ ಮಾತ್ರ ಖಂಡಿತ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಧನುರ್ಮಾಸದ ಬೆಳಗು ಗೊತ್ತಲ್ಲ, ಪಿಸ್ಟನ್ ಅಲ್ಲಾಡುವುದೇ ಇಲ್ಲ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ, ಬಹಳ ಖುಷಿ ಕೊಡುತ್ತದೆ. ಇಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿ ಓಡುತ್ತಿರುವಾಗ ಕಾರ್ಬೊರೇಟರಿನ ಪಕ್ಕದ ಸಣ್ಣ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಎತ್ತಿ. ಇಂಜಿನ್ ಒಮ್ಮೆ ಚೂರು ಏರಿ ಮತ್ತೆ ಮೊದಲಿನ ಹದಕ್ಕೆ ಬಂದರೆ ಎಲ್ಲ ಸರಿ. ಏರಿ ಏರಿಯೇ ಉಳಿದರೆ ಪೆಟ್ರೋಲು ಹೆಚ್ಚು. ಕುಸಿದು ನಿಂತೇ ಹೋದರೆ ಪೆಟ್ರೋಲು ಕಡಿಮೆ. ಆಗ ಕೆಳಗಿನ ಜೆಟ್ಟಿನ ನಟ್ಟನ್ನು ಒಂದು ಮುಖದಷ್ಟು ಮಾತ್ರ ತಿರುಗಿಸಬೇಕು. ನಟ್ಟು ಮೇಲೆ ಹೋದರೆ ಪೆಟ್ರೋಲು ಕಡಿಮೆಯಾಗುತ್ತದೆ, ಕೆಳಗಿಳಿದರೆ ಹೆಚ್ಚುತ್ತದೆ. ಒಂದು ಮುಖ ತಿರುಗಿಸಿ, ಮತ್ತೆ ಪಿನ್ ಎತ್ತಿ ಕೇಳಬೇಕು. ಇದಕ್ಕೆ ಯಂತ್ರ ಬೇಡ, ಕಿವಿ ಸಾಕು. ತಂಬೂರಿ ಶ್ರುತಿ ಮಾಡಬಲ್ಲವರಿಗೆ ಇದೇನು ಮಹಾ.

ಫಿಯೆಟ್ಟಿನ ಸೋಲೆಕ್ಸಿನದು ಬೇರೆ ಗುಣ. ಅದರಲ್ಲಿ ಜೆಟ್ಟುಗಳೇ ಎಲ್ಲ. ಗಾಡಿ ರೇಸಿನಲ್ಲಿ ಚೆಂದ ಓಡಿ, ಕಾಲು ತೆಗೆದ ಕೂಡಲೇ ಆಫ್ ಆಗುತ್ತಿದ್ದರೆ ಸ್ಲೋ ಜೆಟ್ಟಿಗೆ ಕಸ ಹಿಡಿದಿದೆ. ಐಡ್ಲಿಂಗ್ ಸರಿಯಿದ್ದು ಏರಿನಲ್ಲಿ ಜೀವ ಬಿಟ್ಟರೆ ಮೇನ್ ಜೆಟ್ಟು ನೋಡಿ. ತಟ್ಟನೆ ಕಾಲು ಒತ್ತಿದಾಗ ಗೊಳ್ಳೆಂದರೆ ಅದು ಒಳಗಿನ ಪುಟ್ಟ ಪಂಪಿನ ದೋಷ. ಜೆಟ್ಟು ಬಿಚ್ಚಿ ಬೆಳಕಿಗೆ ಹಿಡಿದರೆ ತೂತಿನಲ್ಲಿ ಒಂದು ಚುಕ್ಕಿ ಬೆಳಕು ಕಾಣಬೇಕು. ಕಾಣದಿದ್ದರೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ತಂತಿ ತೂರಿಸುವ ಚಟ ಮಾತ್ರ ಬಿಡಬೇಕು. ಅದು ಮೆತ್ತನೆಯ ಹಿತ್ತಾಳೆ, ತಂತಿ ಆಡಿಸಿದಷ್ಟೂ ತೂತು ದೊಡ್ಡದಾಗುತ್ತದೆ. ಸೋಲೆಕ್ಸ್ ಜೆಟ್ಟಿನ ಮೇಲೆ 120 ಅಂತ ಕೆತ್ತಿದ್ದರೆ ಅದರ ತೂತು 1.20 ಮಿಲಿಮೀಟರ್ ಎಂದು ಅರ್ಥ. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದ ತೂತಿಗೆ ಬ್ರೇಕಿನ ಕೇಬಲ್ಲಿನ ಎಳೆ ತೂರಿಸಿದರೆ ಗಾಡಿ ಕುಡಿಯಲು ಶುರು ಮಾಡದೆ ಇನ್ನೇನು?

ಪೆಟ್ರೋಲು ತೊಟ್ಟಿಕ್ಕುವುದು ಇನ್ನೊಂದು ಗೋಳು. ಬಟ್ಟಲಿನಲ್ಲಿ ತೇಲುವ ಫ್ಲೋಟ್ ತೂತಾದರೆ ಅದರೊಳಗೆ ಪೆಟ್ರೋಲು ತುಂಬಿ ಮುಳುಗುತ್ತದೆ, ವಾಲ್ವು ಮುಚ್ಚುವುದಿಲ್ಲ, ಓವರ್‌ಫ್ಲೋ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಅದೇ ಸಮ. ಒಲೆ ಆರಿಸಿ, ದೂರಕ್ಕೆ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ತೂತು ಎಲ್ಲಿದೆಯೋ ಅಲ್ಲಿಂದ ಗುಳ್ಳೆ ಏಳುತ್ತದೆ. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲು ಪೂರ್ತಿ ಹಾರಿಹೋಗಿರಬೇಕು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೆಸುಗೆಯೂ ತೆಳ್ಳಗಿರಲಿ, ಭಾರವಾದರೆ ಫ್ಲೋಟ್ ತೇಲುವ ಮಟ್ಟವೇ ಬದಲಾಗುತ್ತದೆ. ಬೀಡಿ ಸೇದುವ ನೆಂಟರನ್ನು ಅಷ್ಟು ಹೊತ್ತು ಜಗಲಿಯ ಮೇಲೆ ಕೂರಿಸಿ ಆಸರಿಗೆ ಕೊಟ್ಟುಬಿಡಿ.

ಐಡ್ಲಿಂಗ್ ಯಾವಾಗ ನೋಡಿದರೂ ಏರಿಳಿಯುತ್ತಿದ್ದರೆ, ಕಾರ್ಬೊರೇಟರಿನ ಕೆಳಗಿನ ಪ್ಯಾಕಿಂಗಿನಲ್ಲೋ ಸವೆದ ಥ್ರಾಟಲಿನ ಕಡ್ಡಿಯಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿರುತ್ತದೆ. ಆ ಜಾಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು ನೋಡಿ, ಇಂಜಿನ್ನಿನ ಸದ್ದು ಕೂಡಲೇ ಬದಲಾದರೆ ಸೋರುವುದು ಅಲ್ಲೇ.

ಅರಬೈಲು ಘಟ್ಟದ ನೆನಪಾಯಿತು. ಅಂಕೋಲೆಯಿಂದ ಬೇಸಗೆ ಮಧ್ಯಾಹ್ನ ಘಟ್ಟ ಹತ್ತುವಾಗ ಹಳೇ ಕಾರುಗಳು ಸಾಲಾಗಿ ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದ ಕಾಲವೊಂದಿತ್ತು. ಇಂಜಿನ್ನಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ, ಪಂಪಿಗೆ ಎಳೆಯಲು ದ್ರವವೇ ಸಿಗುತ್ತಿರಲಿಲ್ಲ. ಗೊತ್ತಿದ್ದ ಡ್ರೈವರುಗಳು ಹಳೇ ಪಂಚೆಯ ತುಂಡನ್ನು ಜೊತೆಗೇ ಇಟ್ಟುಕೊಂಡಿರುತ್ತಿದ್ದರು. ಝರಿಯ ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ ಸುಮ್ಮನೆ ಕೂರುತ್ತಿದ್ದರು. ಗೊತ್ತಿಲ್ಲದವರು ಅಷ್ಟರಲ್ಲಿ ಕಾರ್ಬೊರೇಟರನ್ನು ಬಿಚ್ಚಿ ಟವಲಿನ ಮೇಲೆ ಹರವಿಕೊಂಡಿರುತ್ತಿದ್ದರು. ಮೊದಲನೆಯವರು ಮನೆ ಸೇರಿ ಊಟ ಮಾಡಿ ಮಲಗಿದ ಮೇಲೂ ಎರಡನೆಯವರು ರಸ್ತೆಯಲ್ಲಿ ಸ್ಪ್ರಿಂಗ್ ಹುಡುಕುತ್ತಿದ್ದರು. ಕಾಯುವುದೂ ಒಂದು ರಿಪೇರಿಯೇ, ಅಲ್ವಾ?

ನನ್ನ ಕಾಳಜಿ ಇರುವುದು ಬೇರೆ ಕಡೆ. ರಿಪೇರಿ ಕಿಟ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಿ ಹುಡುಕಬಹುದು. ಟ್ಯೂನಿಂಗ್ ಬಲ್ಲ ಕಿವಿಯನ್ನು ಎಲ್ಲಿಂದ ತರುವುದು? ಮಾರುತಿ 800 ಕೂಡ ಎರಡು ಸಾವಿರದ ಇಸವಿಯ ಸುಮಾರಿಗೆ ಕಾರ್ಬೊರೇಟರ್ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದಲೂ ಅದು ಹೋಯಿತು. ಈಗ ಗ್ಯಾರೇಜಿಗೆ ಸೇರುವ ಹುಡುಗರು ಚುರುಕಾಗಿದ್ದಾರೆ, ಸ್ಕ್ಯಾನರ್ ಹಚ್ಚಿ ಕ್ಷಣದಲ್ಲಿ ದೋಷ ಹೇಳುತ್ತಾರೆ. ಆದರೆ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಅವಕಾಶವೇ ಅವರಿಗೆ ಸಿಗುತ್ತಿಲ್ಲ. ಅದನ್ನು ಬಲ್ಲ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ, ಕೆಲವರಿಗೆ ಆಗಲೇ ಕಣ್ಣು ಮಂಜು.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಈ ಸಲ ಗಾಡಿ ಮಿಸ್ತ್ರಿಯ ಹತ್ತಿರ ಹೋಗುವಾಗ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮಿಸ್ತ್ರಿ ಏನು ಮೊದಲು ನೋಡಿದ, ಏನು ಆಮೇಲೆ ನೋಡಿದ, ಯಾವ ಜೆಟ್ಟಿನ ನಂಬರ್ ಎಷ್ಟು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಗಾಡಿಯಲ್ಲೇ ಇಡಿ. ಮಳೆಗಾಲದಲ್ಲಿ ಹೊಳವಾದಾಗೆಲ್ಲ ಗಾಡಿಯನ್ನು ಒಂದು ಸುತ್ತು ಓಡಿಸಿ. ಅದಾಗದಿದ್ದರೆ ನಿಲ್ಲಿಸುವ ಮುಂಚೆ ಪೆಟ್ರೋಲ್ ಪೈಪು ಬಂದ್ ಮಾಡಿ, ಬಟ್ಟಲು ಖಾಲಿಯಾಗುವ ತನಕ ಇಂಜಿನ್ ಓಡಿಸಿ ಬಿಡಿ. ಟ್ಯಾಂಕಿನ ಕೊಳವೆಗೆ ತೆಳು ಜಾಲರಿ ಬಟ್ಟೆ ಕಟ್ಟಿ, ಮುಂದಿನ ಸಲ ಹೊರಡುವಾಗ ಬಿಚ್ಚುವುದನ್ನು ಮರೆಯಬೇಡಿ. ಇಷ್ಟು ಮಾಡಿದರೆ ಕಾರ್ಬೊರೇಟರ್ ಬಿಚ್ಚುವ ಪ್ರಸಂಗವೇ ಅಪರೂಪ. ಬಿಚ್ಚಲೇಬೇಕಾದರೆ ಅದು ಕೊನೆಯ ಕೆಲಸವಾಗಲಿ.